ನಾಲ್ಕನೇ ತರಗತಿಯಲ್ಲಿ ಹೊರಬೀಳುವ ಗುಟ್ಟು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅಪ್ಪನ ಜೊತೆ ಓಡಾಡುವ ಹುಡುಗ ಡಬ್ಬಿ ಯಾವುದು, ಕಡ್ಡಿ ಯಾವುದು ಎಂದು ಥಟ್ಟನೆ ಹೇಳಬಲ್ಲ. ಚೀಲದ ಲೆಕ್ಕ ಬಾಯಲ್ಲೇ ಮಾಡಬಲ್ಲ. ಆದರೆ ಪಾಠದ ನಾಲ್ಕು ಸಾಲು ಓದು ಎಂದರೆ ಬೆವರುತ್ತಾನೆ. ‘ಅಕ್ಕ’ ಎಂದು ಬರೆಸಿದರೆ ‘ಅಕ’ ಎಂದು ಬರೆದು ನಿಲ್ಲುತ್ತಾನೆ. ನಿನ್ನೆ ಓದಿದ ಪದ ಇವತ್ತು ಗುರುತು ಸಿಗುವುದಿಲ್ಲ. ‘ಅವನ ತಲಿಗೆ ಹತ್ತೂದಿಲ್ಲ ಬಿಡ್ರಿ’ ಎಂಬ ಮಾತು ಮನೆಯಲ್ಲೂ ಸಾಲಿಯಲ್ಲೂ ಹುಟ್ಟುವುದು ಇಂಥ ಹೊತ್ತಿನಲ್ಲೇ. ಹಾವೇರಿ, ರಾಣೆಬೆನ್ನೂರು ಕಡೆಯ ಶಾಲೆಗಳಲ್ಲೂ ಇಂಥ ಮಕ್ಕಳಿದ್ದಾರೆ.

ಈ ತೊಂದರೆಗೆ ನಿರ್ದಿಷ್ಟ ಕಲಿಕಾ ನ್ಯೂನತೆ ಎನ್ನುತ್ತಾರೆ. ಓದಿನಲ್ಲಿ ಕಂಡರೆ ಡಿಸ್ಲೆಕ್ಸಿಯಾ, ಬರಹದಲ್ಲಿ ಡಿಸ್‌ಗ್ರಾಫಿಯಾ, ಲೆಕ್ಕದಲ್ಲಿ ಡಿಸ್‌ಕ್ಯಾಲ್ಕುಲಿಯಾ. ಬುದ್ಧಿ ಕಡಿಮೆ ಇರುವುದರಿಂದ ಬರುವಂಥದ್ದಲ್ಲ ಇದು. ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 1896ರಲ್ಲೇ ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದಿದ್ದರು. ತನ್ನ ಹೆಸರನ್ನೇ ತಪ್ಪಾಗಿ ಬರೆಯುತ್ತಿದ್ದ ಅವನು, ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೇ ಜಾಣನಾಗುತ್ತಿದ್ದ ಎಂದು ಅವನ ಮಾಸ್ತರರು ಹೇಳಿದ್ದರಂತೆ. ಈ ನ್ಯೂನತೆ ಬಹಳಷ್ಟು ಸಲ ಕುಟುಂಬದಲ್ಲೇ ಹರಿದು ಬರುತ್ತದೆ. ಮಗನನ್ನು ಬೈಯುವ ಅಪ್ಪನೂ ಒಂದು ಕಾಲದಲ್ಲಿ ಇದೇ ಕಾರಣಕ್ಕೆ ಸಾಲಿ ಬಿಟ್ಟಿರಬಹುದು.

ಉಚ್ಚರಿಸಿದಂತೆಯೇ ಬರೆಯುವ ಕನ್ನಡಕ್ಕೆ ಈ ನ್ಯೂನತೆ ತಟ್ಟದು ಎಂದು ಕೆಲವರು ನಂಬಿದ್ದಾರೆ. ಅದು ನಿಜವಲ್ಲ. ಕಾಗುಣಿತದ ಬಳ್ಳಿ, ಒತ್ತಕ್ಷರಗಳೆಲ್ಲ ಸೇರಿದರೆ ಮಗು ನೂರಾರು ರೂಪಗಳನ್ನು ಗುರುತಿಸಬೇಕು. ‘ಸೂರ್ಯ’ ಎನ್ನುವಾಗ ‘ರ್’ ಮೊದಲು ಕೇಳುತ್ತದೆ, ಅದರ ಗುರುತು ಮಾತ್ರ ‘ಯ’ ಆದಮೇಲೆ ಬರುತ್ತದೆ. ಎಲ್ಲ ಮಕ್ಕಳಿಗೂ ಕನ್ನಡದ ಅಕ್ಷರಗಳು ಪೂರ್ತಿ ಕೈವಶವಾಗಲು ವರ್ಷಗಳೇ ಬೇಕು ಎಂದು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಕಲಿಕಾ ನ್ಯೂನತೆಯ ಮಗುವಿಗೆ ಈ ಹಾದಿ ಇನ್ನೂ ಉದ್ದ.

ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ಮೂರನೇ ತರಗತಿವರೆಗೆ ಮಗು ತನ್ನ ವೇಗದಲ್ಲೇ ಕಲಿಕಾ ಏಣಿ ಹತ್ತುತ್ತದೆ. ಅದು ಒಳ್ಳೆಯದೇ. ಆದರೆ ಹಿಂದುಳಿದದ್ದು ಗಮನಕ್ಕೆ ಬಾರದಿದ್ದರೆ, ನಾಲ್ಕನೇ ತರಗತಿಯ ಪುಸ್ತಕ ಕೈಗೆ ಬಂದ ದಿನ ಎಲ್ಲ ಒಮ್ಮೆಗೇ ಹೊರಬೀಳುತ್ತದೆ. ಅದನ್ನು ಮೊದಲೇ ಗುರುತಿಸಬಲ್ಲ ಮೂರನೇ ತರಗತಿಯ ಅಕ್ಕೋರ ಕಣ್ಣಿನ ಮೇಲೆ ನನಗೆ ಭರವಸೆ ಇರುವುದು ಅದಕ್ಕೇ.

ಓದಲು ಬಾರದ ಮಕ್ಕಳೆಲ್ಲರಿಗೂ ಈ ಹಣೆಪಟ್ಟಿ ಹಚ್ಚುವಂತಿಲ್ಲ. ರಾಣೆಬೆನ್ನೂರು ಸೀಮೆಯ ಬೀಜೋತ್ಪಾದನೆಯ ಹೊಲದಲ್ಲಿ ಕ್ರಾಸಿಂಗ್ (ಪರಾಗಸ್ಪರ್ಶ) ಹಂಗಾಮಿಗೆ ಸಾಲಿ ತಪ್ಪಿಸಿದ ಮಗುವಿರಬಹುದು. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡಿ ಬಂದ ಮಗುವಿರಬಹುದು. ಬೋರ್ಡು ಕಾಣದ, ಕಿವಿ ಸರಿಯಾಗಿ ಕೇಳದ ಮಗುವಿರಬಹುದು. ಮೊದಲು ಕಣ್ಣು, ಕಿವಿ ತೋರಿಸಬೇಕು. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ವೈದ್ಯರಿಗೆ ಈ ಮಗುವಿನ ವಿಷಯ ಬಾಯಿಬಿಟ್ಟು ಹೇಳಬೇಕು. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರನ್ನು ಕಾಣಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಈ ಭಾಗದವರಿಗೆ ತೀರಾ ದೂರವಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಆದಷ್ಟು ಬೇಗ ಪತ್ತೆಹಚ್ಚಿ, ತಕ್ಕ ಬೋಧನೆ ಕೊಡಿ ಎನ್ನುತ್ತದೆ ಕಾನೂನು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ ಅದರಲ್ಲಿವೆ. ಇವು ಕರುಣೆಯಿಂದ ಕೊಟ್ಟದ್ದಲ್ಲ, ಮಗುವಿನ ಹಕ್ಕು. ಮೂರನೇ ತರಗತಿಯಲ್ಲಿ ಇಲ್ಲವೇ 8ನೇ ವಯಸ್ಸಿನಲ್ಲಿ ಶಿಕ್ಷಕರೇ ಮೊದಲ ತಪಾಸಣೆ ಮಾಡಬೇಕು ಎಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿತ್ತು. ಅದರ ಪ್ರಕಾರ ಪ್ರಮಾಣಪತ್ರ 8 ವರ್ಷ ತುಂಬಿದ ಮೇಲೆ ಸಿಗುತ್ತಿತ್ತು. 14ಕ್ಕೆ, 18ಕ್ಕೆ ಮತ್ತೆ ತಪಾಸಣೆ ಇತ್ತು.

ಆದರೂ ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗಲೇ ಓಡಾಡುವ ಪಾಲಕರಿದ್ದಾರೆ. ಅಷ್ಟರಲ್ಲಿ ಮಗು ಏಳೆಂಟು ವರ್ಷ ‘ದಡ್ಡ’ ಎನಿಸಿಕೊಂಡಿರುತ್ತದೆ, ಆ ಗಾಯ ಪ್ರಮಾಣಪತ್ರದಿಂದ ಮಾಯುವುದಿಲ್ಲ. ಕಲಿಸುವ ರೀತಿ ಬದಲಾಗಬೇಕಾದದ್ದು ಚಿಕ್ಕ ತರಗತಿಯಲ್ಲೇ: ಮರಳಲ್ಲಿ ಬೆರಳಿಂದ ತಿದ್ದಿಸುವುದು, ತಿದ್ದುತ್ತಲೇ ಗಟ್ಟಿಯಾಗಿ ಹೇಳಿಸುವುದು, ಒಂದು ಒತ್ತು ಗಟ್ಟಿಯಾದ ಮೇಲಷ್ಟೇ ಮುಂದಿನದು, ಗೊತ್ತಿರುವ ಉತ್ತರವನ್ನು ಬಾಯಲ್ಲಿ ಹೇಳಲು ಬಿಡುವುದು. ಎಲ್ಲರೆದುರು ನಿಲ್ಲಿಸಿ ಓದಿಸುವುದನ್ನಂತೂ ಇವತ್ತೇ ಬಿಡಬಹುದು.

ತಪಾಸಣೆಗೆ ಹೋಗುವಾಗ ಮಗುವಿನ ಹಳೆಯ ನೋಟ್‌ಬುಕ್ಕುಗಳನ್ನು ಒಯ್ಯಿರಿ. ಯಾವ ತಪ್ಪು ವರ್ಷದಿಂದ ವರ್ಷಕ್ಕೆ ಮರುಕಳಿಸಿದೆ ಎಂಬುದು ಅಲ್ಲಿ ಸಿಗುತ್ತದೆ.