ಕೌಂಟ್ ಬಂದ ಮೇಲೆ

ಅಸ್ಥಿಮಜ್ಜೆ ಕಸಿ ವಾರ್ಡಿನ ಹೊರಗೆ ಕಾದು ಕೂತವರಿಗೆ "ಕೌಂಟ್ ಬಂತು" ಎಂಬ ಮಾತಿಗಿಂತ ಸಿಹಿಯಾದದ್ದು ಬೇರೊಂದಿಲ್ಲ. ದಾನಿಯ ಆಕರಕೋಶಗಳನ್ನು ರಕ್ತ ಏರಿಸುವ ಹಾಗೆಯೇ ನಳಿಕೆಯಲ್ಲಿ ಏರಿಸಿರುತ್ತಾರೆ. ಅವು ತಾವೇ ಮೂಳೆಯೊಳಗಿನ ಮಜ್ಜೆಗೆ ದಾರಿ ಹುಡುಕಿಕೊಂಡು ಹೋಗಿ ನೆಲೆಯೂರುತ್ತವೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಮೈಕ್ರೋಲೀಟರಿಗೆ 500 ಮುಟ್ಟುತ್ತವೆ. ಸತತ ಮೂರು ದಿನ ಅದಕ್ಕಿಂತ ಕೆಳಗಿಳಿಯದಿದ್ದರೆ ಕಸಿ ಹಿಡಿಯಿತು ಎನ್ನುತ್ತಾರೆ.

ಮನೆಗೆ ಬಂದ ಮೇಲೆ ಎಡವುವುದು ಇಲ್ಲೇ. ಕೆಲವು ವಾರ ಕಳೆದು ರಿಪೋರ್ಟಿನಲ್ಲಿ ಬಿಳಿ ಕಣ ಆರು ಸಾವಿರ ಎಂದು ಬಂದಿರುತ್ತದೆ. "ಎಲ್ಲ ನಾರ್ಮಲ್ ಇದೆಯಲ್ಲ, ಇನ್ನೂ ಇಷ್ಟು ಮಾತ್ರೆ ಯಾಕೆ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ದಯವಿಟ್ಟು ಆ ಒಂದು ಸಂಖ್ಯೆ ನೋಡಿ ಮಾತ್ರೆ ನಿಲ್ಲಿಸಬೇಡಿ. ಎಷ್ಟು ಕಣಗಳಿವೆ ಎಂಬುದು ಅದರಲ್ಲಿದೆ. ಅವು ಏನೇನು ಕಲಿತಿವೆ ಎಂಬುದು ಅದರಲ್ಲಿಲ್ಲ.

ನ್ಯೂಟ್ರೋಫಿಲ್‌ಗೆ ಕಲಿಕೆ ಬೇಕಿಲ್ಲ, ಹುಟ್ಟಿದ ಕೂಡಲೇ ಬ್ಯಾಕ್ಟೀರಿಯಾ ನುಂಗುತ್ತದೆ. ವೈರಸ್ಸನ್ನು ಗುರುತಿಟ್ಟು ಹೊಡೆಯುವ ಟಿ ಕೋಶಗಳ ಕಥೆಯೇ ಬೇರೆ. ದಾನಿಯ ರಕ್ತದೊಂದಿಗೆ ಬಂದ ಒಂದಿಷ್ಟು ಟಿ ಕೋಶಗಳು ಮೊದಲ ತಿಂಗಳುಗಳಲ್ಲಿ ಹೆಚ್ಚಿಕೊಂಡು ಹೇಗೋ ನಿಭಾಯಿಸುತ್ತವೆ. ಹೊಸವು ತಯಾರಾಗಬೇಕಾದದ್ದು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ. ಮಕ್ಕಳಲ್ಲಿ ಇದು ತುಂಬಿಕೊಂಡಿರುತ್ತದೆ, ವಯಸ್ಸಾದಂತೆ ಸೊರಗಿ ಕೊಬ್ಬಾಗುತ್ತದೆ. ಕಸಿಗೆ ಮುಂಚಿನ ಕೀಮೋ, ರೇಡಿಯೇಷನ್ ಅದನ್ನು ಇನ್ನಷ್ಟು ಬಳಲಿಸಿರುತ್ತವೆ. ಹಾಗಾಗಿಯೇ ಆರು ವರ್ಷದ ಮಗು ಬೇಗ ಚೇತರಿಸಿಕೊಂಡರೆ, ಐವತ್ತರ ತಂದೆಗೆ ಒಂದೆರಡು ವರ್ಷವೇ ಬೇಕಾಗಬಹುದು. ದಾನಿಯ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ತಿರುಗಿ ಬೀಳದಿರಲಿ ಎಂದು ಕೊಡುವ ಸೈಕ್ಲೋಸ್ಪೊರಿನ್, ಟ್ಯಾಕ್ರೋಲಿಮಸ್‌ನಂಥ ಔಷಧಗಳೂ ಟಿ ಕೋಶಗಳ ಕೈ ಕಟ್ಟುತ್ತವೆ.

ಈ ಬಿಡುವಿನಲ್ಲೇ ಮೈಯೊಳಗೆ ಮಲಗಿದ್ದ ವೈರಸ್‌ಗಳು ಏಳುವುದು. ಮೊದಲ ನೂರು ದಿನ ಸೈಟೊಮೆಗಾಲೊ ವೈರಸ್‌ಗಾಗಿ ಮತ್ತೆಮತ್ತೆ ರಕ್ತ ಪರೀಕ್ಷಿಸುತ್ತಾರೆ. ಸರ್ಪಸುತ್ತು ಬಾರದಂತೆ ಸುಮಾರು ಒಂದು ವರ್ಷ ಅಸೈಕ್ಲೊವಿರ್ ಕೊಡುತ್ತಾರೆ. ಬೂಷ್ಟು ಹಿಡಿದ ಹುಲ್ಲು, ಗೋಡೆ ಒಡೆಯುವಾಗ ಏಳುವ ಧೂಳು ಇವುಗಳಿಂದ ದೂರವಿರಿ ಎನ್ನುವುದು ಶ್ವಾಸಕೋಶಕ್ಕೆ ಶಿಲೀಂಧ್ರ ಹೊಗಬಾರದೆಂದು. ಜ್ವರ 100.4 ಡಿಗ್ರಿ ಮುಟ್ಟಿತೋ, ಮನೆಯಲ್ಲೇ ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿಯೇ ಹೊರಡಿ.

ಇನ್ನು ಲಸಿಕೆ. ಬಾಲ್ಯದಲ್ಲಿ ಹಾಕಿಸಿಕೊಂಡ ಲಸಿಕೆಗಳ ನೆನಪು ಹಳೆಯ ಮಜ್ಜೆಯೊಂದಿಗೇ ಬಹುಪಾಲು ಅಳಿಸಿಹೋಗುತ್ತದೆ. ಆದ್ದರಿಂದ ಧನುರ್ವಾಯು, ಗಂಟಲಮಾರಿ, ನ್ಯುಮೋಕಾಕಸ್ ಮುಂತಾದ ಲಸಿಕೆಗಳನ್ನು ಕಸಿಯಾದ ಮೂರರಿಂದ ಹನ್ನೆರಡು ತಿಂಗಳ ನಡುವೆ ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ತೊಡೆಯ ಮೇಲೆ ಮಲಗಿಸಿ ಚುಚ್ಚಿಸಿದ ಸೂಜಿಗಳನ್ನೇ ಮೀಸೆ ನರೆತವರೂ ತೋಳೊಡ್ಡಿ ಮತ್ತೆ ಹಾಕಿಸಿಕೊಳ್ಳಬೇಕು. ದಡಾರದ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದರಿಂದ ಎರಡು ವರ್ಷ ಕಳೆಯಬೇಕು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಗಳೂ ನಿಂತಿರಬೇಕು.

ಕಸಿಯಾದವರ ಮನೆಯಲ್ಲಿ ಪುಟ್ಟ ಮಗುವಿದ್ದರೆ ಪೋಲಿಯೊ ಭಾನುವಾರಕ್ಕೆ ಮುಂಚೆಯೇ ಕಸಿ ವೈದ್ಯರನ್ನು ಕೇಳಿ. ಬಾಯಿಗೆ ಹಾಕುವ ಹನಿಯಲ್ಲೂ ಜೀವಂತ ವೈರಸ್ ಇದೆ, ಮಗುವಿನ ಮಲದಲ್ಲಿ ಕೆಲವು ವಾರ ಹೊರಬರುತ್ತಿರುತ್ತದೆ. ಚುಚ್ಚುಮದ್ದಿನ ಪೋಲಿಯೊ ಲಸಿಕೆಗೆ ಆ ಭಯವಿಲ್ಲ.