ದನಗಳ ಜಾತ್ರೆಯಿಂದ ಕೃಷಿಮೇಳಕ್ಕೆ

ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ, ನಾಲ್ಕು ಜನರನ್ನು ವಿಚಾರಿಸಿದ ಮೇಲೆಯೇ ಹಣ ಬಿಚ್ಚುವುದು ನಮ್ಮ ರೈತರ ಹಳೆಯ ಪದ್ಧತಿ. ಇದನ್ನು ಕಲಿಸಿದ ಪಾಠಶಾಲೆಯೇ ದನಗಳ ಜಾತ್ರೆ.

ಬೇತಮಂಗಲದ ಸುತ್ತಿನ ರೈತರಿಗೆ ಮುಳಬಾಗಿಲು ತಾಲ್ಲೂಕಿನ ಆವಣಿ ಜಾತ್ರೆ ಚಿರಪರಿಚಿತ. ಶಿವರಾತ್ರಿಯ ಸಮಯದಲ್ಲಿ ರಾಮಲಿಂಗೇಶ್ವರನ ರಥೋತ್ಸವದೊಡನೆ ಎತ್ತುಗಳ ವ್ಯಾಪಾರವೂ ನಡೆಯುವುದು. ಆ ವೇಳೆಗೆ ರಾಗಿ ಕಟಾವು ಮುಗಿದಿದ್ದು, ಮುಂದಿನ ಉಳುಮೆಗೆ ಜೋಡಿ ಹುಡುಕಲು ಬಿಡುವಿರುತ್ತದೆ. ಹಳ್ಳಿಕಾರ್ ಹೋರಿಯ ಬಾಯಿ ತೆರೆದು ಹಲ್ಲು ಎಣಿಸಿ ವಯಸ್ಸು ತಿಳಿಯುವರು. ಹಾಲುಹಲ್ಲು ಬಿದ್ದು ಎರಡು ಹಲ್ಲು ಬಂದಿದ್ದರೆ ಸುಮಾರು ಎರಡೂವರೆ ವರ್ಷ. ಎಂಟೂ ಬಂದಿದ್ದರೆ ಬಾಯಿಗೂಡಿದ ಎತ್ತು. ನಡಿಗೆ, ಗೊರಸು, ಸುಳಿಗಳನ್ನು ಪರೀಕ್ಷಿಸಿ, ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವರು.

ಬೀಜ, ಗೊಬ್ಬರ, ಉಪಕರಣಗಳಿಗೂ ಇಂತಹುದೇ ಜಾತ್ರೆ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಕೃಷಿಮೇಳ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ನೀಡಿದ 30 ಎಕರೆ ಜಮೀನಿನಲ್ಲಿ ಹೆಬ್ಬಾಳದ ಪ್ರಯೋಗ ಕ್ಷೇತ್ರ ಆರಂಭವಾಯಿತು. ವಿಶ್ವವಿದ್ಯಾನಿಲಯವು 1964ರಲ್ಲಿ ಉದ್ಘಾಟನೆಗೊಂಡಿತು. ಮೇಳವು ಸಾಮಾನ್ಯವಾಗಿ ನವೆಂಬರಿನಲ್ಲಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ನಡೆಯುವುದು. ಮುಂಗಾರಿನ ರಾಗಿ ಆಗ ತೆನೆ ಬಿಟ್ಟು ನಿಂತಿರುವುದರಿಂದ ತಳಿಗಳನ್ನು ಅಕ್ಕಪಕ್ಕದ ತಾಕುಗಳಲ್ಲೇ ಹೋಲಿಸಿ ನೋಡಬಹುದು. ಉತ್ತಮ ರೈತರಿಗೆ ಪ್ರಶಸ್ತಿ ನೀಡಿ ಗೌರವಿಸುವುದೂ ಮೇಳದ ಸಂಪ್ರದಾಯ.

ಇದರ ಪ್ರಯೋಜನವೇನು? ಇಲುಕು ರೋಗ ತಗುಲಿದರೆ ರಾಗಿ ತೆನೆ ಜೊಳ್ಳಾಗಿ, ಮನೆಯ ವರ್ಷದ ಊಟಕ್ಕೇ ಕುಂದು ಬರುವುದು. ಈ ರೋಗವನ್ನು ತಡೆದುಕೊಳ್ಳುವ ಜಿಪಿಯು-28 ತಳಿ 1996ರಲ್ಲಿ ಬಿಡುಗಡೆಯಾಯಿತು. ಇಂತಹ ತಳಿಯ ಗುಣವನ್ನು ಅಂಗಡಿಯ ಚೀಲ ನೋಡಿ ತಿಳಿಯಲಾಗದು. ಬೆಳೆದು ನಿಂತ ಪೈರನ್ನೇ ನೋಡಬೇಕು.

ಜಾತ್ರೆಗೆ ಹೋಗುವವರು ಒಂದು ಎಚ್ಚರಿಕೆ ವಹಿಸಬೇಕು. ದನಗಳು ಗುಂಪುಗೂಡಿದಲ್ಲಿ ರೋಗವೂ ಹರಡುವುದು. 2022ರಲ್ಲಿ ಚರ್ಮಗಂಟು ರೋಗದ ಕಾರಣ ರಾಜ್ಯದಲ್ಲಿ ದನಗಳ ಜಾತ್ರೆಗಳನ್ನು ನಿಷೇಧಿಸಬೇಕಾಯಿತು. ಆದ್ದರಿಂದ ಮೂರು ನಾಲ್ಕು ವಾರ ಮೊದಲೇ ರಾಸುಗಳಿಗೆ ಲಸಿಕೆ ಹಾಕಿಸಿರಿ. ಕೊಂಡು ತಂದ ರಾಸನ್ನು ಮೂರು ವಾರ ಬೇರೆಯಾಗಿ ಕಟ್ಟಿರಿ.

ಮೇಳಕ್ಕೆ ಹೋಗುವಾಗ ನಿಮ್ಮ ಹೊಲದ ಒಂದು ಸಮಸ್ಯೆಯನ್ನಾದರೂ ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ರೋಗ ತಗುಲಿದ ಗಿಡವನ್ನು ಚೀಲದಲ್ಲಿ ಮುಚ್ಚಿ ಕೊಂಡೊಯ್ದು ವಿಜ್ಞಾನಿಗಳಿಗೆ ತೋರಿಸಿರಿ. ಹೊಸ ಬೀಜ ತಂದರೆ ಮೊದಲ ವರ್ಷ ಸ್ವಲ್ಪ ಜಾಗದಲ್ಲಿ ಮಾತ್ರ ಬಿತ್ತಿ, ನಿಮ್ಮ ಮಣ್ಣಿಗೆ ಒಗ್ಗಿದರೆ ಮುಂದೆ ವಿಸ್ತರಿಸಿರಿ. ಹಲ್ಲು ನೋಡದೆ ಎತ್ತು ಕೊಳ್ಳದ ರೈತನು ಪೈರು ನೋಡದೆ ಬೀಜ ಕೊಳ್ಳಬಾರದು.