ಕೈಗೆಟುಕುವ ತಂತ್ರಜ್ಞಾನ: ಸೂಳೆಕೆರೆಯ ತೂಬಿನಿಂದ ಭತ್ತದ ಗದ್ದೆಯ ಕೊಳವೆಯವರೆಗೆ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ ಹೊರಡುವ ಹರಿದ್ರಾ ಹಳ್ಳವು ಹರಿಹರದ ಬಳಿ ತುಂಗಭದ್ರೆಯನ್ನು ಕೂಡಿಕೊಳ್ಳುತ್ತದೆ. ಸಾರಥಿ, ಹರಿಹರ, ದಾವಣಗೆರೆಯ ಈ ಸೀಮೆ ಹೊಳೆಯ ನೀರನ್ನೂ ನಾಲೆಯ ನೀರನ್ನೂ ಬಲ್ಲದು. ನೀರಿಲ್ಲದ ವರ್ಷದ ಕಷ್ಟವನ್ನೂ ಬಲ್ಲದು. 71.5 ಟಿಎಂಸಿ ಸಾಮರ್ಥ್ಯದ ಭದ್ರಾ ಜಲಾಶಯ ತುಂಬದೆ ಹೋದಾಗ ಅಚ್ಚುಕಟ್ಟಿನ ಕೊನೆಯಂಚಿನ ರೈತನೇ ಮೊದಲು ಸೊರಗುತ್ತಾನೆ. ಮಳೆ ಕೈಕೊಟ್ಟ 2023ರಲ್ಲಿ ನಾಲೆಗೆ ಸತತವಾಗಿ ನೀರು ಹರಿಸಬೇಕೋ, ಸರದಿಯ ಮೇಲೆ ಬಿಟ್ಟು ಬಿಟ್ಟು ಹರಿಸಬೇಕೋ ಎಂಬ ಪ್ರಶ್ನೆ ಈ ಭಾಗದಲ್ಲಿ ಹೋರಾಟಕ್ಕೇ ಎಡೆಮಾಡಿಕೊಟ್ಟಿತು.

ಇಂತಹ ಸಂಕಟಗಳಿಗೆ ಪರಿಹಾರವನ್ನು ನಾವು ಸಾಮಾನ್ಯವಾಗಿ ದೊಡ್ಡ ಯಂತ್ರಗಳಲ್ಲಿ, ದೊಡ್ಡ ಯೋಜನೆಗಳಲ್ಲಿ ಅರಸುತ್ತೇವೆ. ಅವುಗಳ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಊರಿನವರೇ ಕಟ್ಟಿ, ಊರಿನವರೇ ದುರಸ್ತಿ ಮಾಡಿಕೊಂಡು, ಕಡಿಮೆ ಖರ್ಚಿನಲ್ಲಿ ಬಹುಕಾಲ ನಡೆಸಬಲ್ಲ ಸರಳ ತಂತ್ರಜ್ಞಾನವೂ ಒಂದಿದೆ. ಅದು ಬಡವರಿಗೆಂದು ಉಳಿಸಿದ ಎರಡನೆಯ ದರ್ಜೆಯ ವಿಜ್ಞಾನವೆಂಬ ಭಾವನೆ ಸರಿಯಲ್ಲ. ಅದರ ಬಲವೆಲ್ಲ ಅದನ್ನು ಕಾಯುವ ಕೈಗಳಲ್ಲಿದೆ ಎಂಬುದನ್ನು ನಮ್ಮ ನಾಡಿನದೇ ಕೆಲವು ನಿದರ್ಶನಗಳು ತೋರಿಸುತ್ತವೆ.

ಸೂಳೆಕೆರೆಯ ಪಾಠ

ಶಾಂತಿಸಾಗರವೆಂದೂ ಕರೆಯಲ್ಪಡುವ ಸೂಳೆಕೆರೆಯ ಹುಟ್ಟನ್ನು ಜನಪದ ಕಥನವು ಶಾಂತವ್ವ ಎಂಬ ರಾಜಕುವರಿಯ ಹೆಸರಿನೊಂದಿಗೆ ಜೋಡಿಸುತ್ತದೆ. ಕೆರೆಯ ನಿರ್ಮಾಣವನ್ನು ಹನ್ನೆರಡನೆಯ ಶತಮಾನದಷ್ಟು ಹಿಂದಿನದೆಂದು ಹೇಳಲಾಗುತ್ತದೆ. ಸುಮಾರು 6,500 ಎಕರೆಗಳಷ್ಟು ಹರಡಿಕೊಳ್ಳುವ ಈ ಜಲರಾಶಿಯನ್ನು ತಡೆದು ನಿಲ್ಲಿಸಿರುವ ಏರಿ ಮಾತ್ರ ಉದ್ದವಾದುದಲ್ಲ. ಹಳ್ಳವು ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಹಾದುಹೋಗುವ ಜಾಗವನ್ನೇ ಹುಡುಕಿ, ಅಲ್ಲಿ ಗಿಡ್ಡ ಆದರೆ ಬಹು ದಪ್ಪನಾದ ಏರಿಯನ್ನು ಕಟ್ಟಿದ್ದಾರೆ. ಉಳಿದ ಕೆಲಸವನ್ನು ಗುಡ್ಡಗಳೇ ಮಾಡುತ್ತವೆ. ಸಿದ್ಧ ಮತ್ತು ಬಸವ ಎಂಬ ಹೆಸರಿನ ಎರಡು ತೂಬುಗಳಿಂದ ನೀರು ಭೂಮಿಯ ಇಳಿಜಾರನ್ನೇ ಅನುಸರಿಸಿ ಗದ್ದೆಗಳಿಗೆ ಹರಿಯುತ್ತದೆ. ಇದಕ್ಕೆ ವಿದ್ಯುತ್ತಿನ ಅಗತ್ಯವಿಲ್ಲ, ಎಣ್ಣೆಯ ಅಗತ್ಯವೂ ಇಲ್ಲ.

ಇಷ್ಟು ಶತಮಾನಗಳ ಬಾಳಿಕೆಗೆ ಕಟ್ಟಿದವರ ಜಾಣ್ಮೆಯೊಂದೇ ಕಾರಣವಲ್ಲ. ಕನ್ನಡ ನಾಡಿನ ಕೆರೆಗಳಿಗೆಲ್ಲ ಒಂದು ಪಾಲನೆಯ ಕ್ರಮವಿತ್ತು. ಬೇಸಿಗೆಯಲ್ಲಿ ಹೂಳೆತ್ತಿ ಹೊಲಕ್ಕೆ ಹೊಡೆಯುತ್ತಿದ್ದರು; ಏರಿಯ ಮೇಲೆ ಬೇರು ಬಿಟ್ಟ ಗಿಡಗಳನ್ನು ಕೀಳುತ್ತಿದ್ದರು; ತೂಬನ್ನು ತೆರೆದು ಮುಚ್ಚಿ ಪ್ರತಿ ಗದ್ದೆಗೂ ಪಾಲು ಹಂಚಲು ನೀರಗಂಟಿ ಇರುತ್ತಿದ್ದ. ಈ ಕ್ರಮ ಮರೆಯಾದ ಊರುಗಳಲ್ಲಿ ಕೆರೆ ಹೂಳಿನಿಂದ ತುಂಬಿತು, ಅಂಗಳ ಒತ್ತುವರಿಯಾಯಿತು. ಅಲ್ಲಿ ಕಲ್ಲಿನ ತೂಬು ಗಟ್ಟಿಯಾಗಿಯೇ ಉಳಿದಿತ್ತು, ಅದನ್ನು ನೋಡಿಕೊಳ್ಳುವವರು ಇಲ್ಲವಾಗಿದ್ದರು.

ಶರಣ ಪರಂಪರೆಗೆ ಈ ವಿಚಾರ ಹೊಸದಲ್ಲ. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ ಸಿದ್ಧರಾಮೇಶ್ವರರು ಕೆರೆ ಕಟ್ಟಿಸುವುದನ್ನೇ ತಮ್ಮ ಕಾಯಕವೆಂದು ಕೈಗೊಂಡವರು. ಅವರ ಹೆಸರಿನ ಗುಡಿಯನ್ನು ಸುತ್ತುವರಿದ ಕೆರೆ ಇಂದಿಗೂ ಅಲ್ಲಿದೆ. ಹಗ್ಗ ಹೊಸೆದ ನುಲಿಯ ಚಂದಯ್ಯ, ಬಿದಿರು ಹೆಣೆದ ಮೇದರ ಕೇತಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಇವರೆಲ್ಲರ ಕಾಯಕವೂ ಸುತ್ತಲಿನ ಪ್ರಕೃತಿಯಿಂದ ಅಗತ್ಯವಿದ್ದಷ್ಟನ್ನೇ ಪಡೆದು, ಕೈಯ ನಿಪುಣತೆಯಿಂದ ಸಮಾಜಕ್ಕೆ ಹಿಂದಿರುಗಿಸುವ ಬಗೆಯಾಗಿತ್ತು.

ವಿಜ್ಞಾನಿಗಳು ಹಳ್ಳಿಗೆ ಬಂದಾಗ

ಇದೇ ದಾರಿಯಲ್ಲಿ ಆಧುನಿಕ ವಿಜ್ಞಾನವೂ ನಡೆದ ಉದಾಹರಣೆ ನಮ್ಮ ರಾಜ್ಯದಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿ ಅವರು 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗವನ್ನು ಆರಂಭಿಸಿದರು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವುದು ಅದರ ಉದ್ದೇಶವಾಗಿತ್ತು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ಕೇಂದ್ರವೊಂದು ಕೆಲಸ ಮಾಡಿತು.

ಅಲ್ಲಿಂದ ರೂಪುಗೊಂಡ ಅಸ್ತ್ರ ಒಲೆ ಕರ್ನಾಟಕದ ಅನೇಕ ಅಡುಗೆಮನೆಗಳನ್ನು ತಲುಪಿತು. ಅದರ ತತ್ತ್ವ ಸರಳವಾದುದು. ಸೌದೆಯನ್ನು ಕಬ್ಬಿಣದ ಜಾಲರಿಯ ಮೇಲೆ ಉರಿಸುವುದರಿಂದ ಕೆಳಗಿನಿಂದ ಗಾಳಿ ಸೇರಿ ಉರಿ ಪೂರ್ಣವಾಗುತ್ತದೆ. ಸುತ್ತಲೂ ಮುಚ್ಚಿರುವುದರಿಂದ ಶಾಖವು ಹೊರಗೆ ಚೆಲ್ಲದೆ ಸಾಲಾಗಿರುವ ಮೂರು ಪಾತ್ರೆಗಳ ತಳವನ್ನು ತಾಗಿ ಸಾಗುತ್ತದೆ. ಹೊಗೆ ಕೊಳವೆಯ ಮೂಲಕ ಸೂರಿನಾಚೆ ಹೋಗುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಬಹುಪಾಲು ವ್ಯರ್ಥವಾದರೆ, ಈ ಒಲೆಯು ಪ್ರಯೋಗಾಲಯದಲ್ಲಿ ಶೇ 40ರ ಆಸುಪಾಸು ಶಾಖವನ್ನು ಪಾತ್ರೆಗೆ ತಲುಪಿಸಿತು. ಅದಕ್ಕಿಂತ ಮಿಗಿಲಾಗಿ ತಾಯಂದಿರ ಕಣ್ಣು ಮತ್ತು ಶ್ವಾಸಕೋಶಗಳಿಗೆ ಹೊಗೆಯಿಂದ ಬಿಡುಗಡೆ ದೊರೆಯಿತು.

ಒಲೆಯನ್ನು ಕಟ್ಟುವಾಗ ಅಳತೆ ತಪ್ಪಿದರೆ, ಪಾತ್ರೆ ಬಾಯಿಗೆ ಹೊಂದದಿದ್ದರೆ, ಹೊಗೆಕೊಳವೆಯ ಮಸಿಯನ್ನು ಕಾಲಕಾಲಕ್ಕೆ ತೆಗೆಯದಿದ್ದರೆ ಹೊಗೆ ಮತ್ತೆ ಮನೆಯೊಳಗೇ ತುಂಬುತ್ತದೆ. ಆದುದರಿಂದ ಊರಿಗೆ ಒಲೆಯನ್ನು ಕೊಟ್ಟರಷ್ಟೇ ಸಾಲದು. ಅದನ್ನು ಕಟ್ಟಬಲ್ಲ, ತಿದ್ದಬಲ್ಲ ಗಾರೆಯವರನ್ನು ಆ ಊರಿನಲ್ಲಿಯೇ ತಯಾರುಮಾಡಬೇಕು.

ಅದೇ ತಾಲ್ಲೂಕಿನ ಪುರ ಗ್ರಾಮದ ಅನುಭವವು ಇನ್ನೂ ಒಂದು ವಿಷಯವನ್ನು ಹೇಳುತ್ತದೆ. ಊರಿನ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ ಮನೆಮನೆಗೂ ಅಡುಗೆ ಅನಿಲ ಒದಗಿಸಬೇಕೆಂಬುದು ಅಲ್ಲಿನ ಮೊದಲ ಆಲೋಚನೆ. ಸಿಗುತ್ತಿದ್ದ ಸಗಣಿ ಅದಕ್ಕೆ ಸಾಲದಾಯಿತು. ಬಳಿಕ 1987ರಿಂದ ಆ ಅನಿಲದಿಂದ ಎಂಜಿನ್ ನಡೆಸಿ ಕುಡಿಯುವ ನೀರನ್ನು ಮೇಲೆತ್ತುವ, ಮನೆಗಳಿಗೆ ದೀಪ ಒದಗಿಸುವ ವ್ಯವಸ್ಥೆ ಮಾಡಲಾಯಿತು. ಸಗಣಿ ತಂದವರಿಗೆ ಅದರ ಬಗ್ಗಡ ಗೊಬ್ಬರವಾಗಿ ಹಿಂದಿರುಗುತ್ತಿತ್ತು. ಯಂತ್ರವನ್ನು ನಡೆಸಿದವರು ಊರಿನ ಯುವಕರೇ. ಜನರಿಗೆ ತೀರಾ ಬೇಕಾಗಿದ್ದ ನೀರು ಮನೆಯ ಹತ್ತಿರ ಬಂದುದರಿಂದ, ಆ ವ್ಯವಸ್ಥೆಯನ್ನು ಕಾಯುವ ಮನಸ್ಸೂ ಜನರಲ್ಲಿ ಮೂಡಿತು.

ಭತ್ತದ ಗದ್ದೆಗೆ ಒಂದು ಕೊಳವೆ

ಈಗ ನಮ್ಮ ಗದ್ದೆಗಳಿಗೆ ಬರೋಣ. ಭತ್ತದ ಗದ್ದೆಯಲ್ಲಿ ಸದಾ ನೀರು ನಿಂತಿರಲೇಬೇಕೆಂಬ ನಂಬಿಕೆ ಬಲವಾಗಿದೆ. ಆದರೆ ಬೆಳೆಯ ಬಹುಪಾಲು ಅವಧಿಯಲ್ಲಿ ಬೇರಿನ ಮಟ್ಟದಲ್ಲಿ ತೇವವಿದ್ದರೆ ಸಾಕೆಂದು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಪ್ರಯೋಗಗಳು ತೋರಿಸಿವೆ. ಹಸಿ ಮಾಡಿ ಆರಿಸುವ ಈ ಪದ್ಧತಿಗೆ ಬೇಕಾದ ಉಪಕರಣ ಒಂದು ತುಂಡು ಪ್ಲಾಸ್ಟಿಕ್ ಪೈಪು ಮಾತ್ರ. ಬಿದಿರಿನ ಕೊಳವೆಯೂ ಆದೀತು.

ಸುಮಾರು 30 ಸೆಂಟಿಮೀಟರ್ ಉದ್ದದ, ಒಳಗೆ ನೋಡಲು ಆಗುವಷ್ಟು ಅಗಲದ ಕೊಳವೆಯ ಕೆಳಭಾಗದ ಸುತ್ತಲೂ ಸಣ್ಣ ರಂಧ್ರಗಳನ್ನು ಕೊರೆಯಬೇಕು. ರಂಧ್ರಗಳಿರುವ 20 ಸೆಂಟಿಮೀಟರ್ ಭಾಗವನ್ನು ಬದುವಿನ ಸಮೀಪ ಮಣ್ಣಿನಲ್ಲಿ ಹೂತು, ಒಳಗಿನ ಮಣ್ಣನ್ನು ತೆಗೆದುಹಾಕಬೇಕು. ಆಗ ಗದ್ದೆಯ ಒಳಗಿನ ನೀರಿನ ಮಟ್ಟ ಕೊಳವೆಯಲ್ಲಿ ಕಾಣುತ್ತದೆ. ನಾಟಿಯಾಗಿ ಒಂದೆರಡು ವಾರ ಕಳೆದ ಮೇಲೆ, ಕಳೆ ಹೆಚ್ಚಿದ್ದರೆ ಇನ್ನೂ ಸ್ವಲ್ಪ ತಡವಾಗಿ, ಈ ಕ್ರಮವನ್ನು ಆರಂಭಿಸಬಹುದು. ಮಟ್ಟವು ನೆಲದಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ, ಸುಮಾರು 5 ಸೆಂಟಿಮೀಟರ್ ನಿಲ್ಲುವಷ್ಟು ನೀರು ಹಾಯಿಸಬೇಕು. ಹೂ ಬಿಡುವ ಒಂದು ವಾರ ಮೊದಲಿನಿಂದ ಒಂದು ವಾರ ನಂತರದವರೆಗೆ ಮಾತ್ರ ನೀರು ನಿಂತಿರುವಂತೆ ನೋಡಿಕೊಳ್ಳಬೇಕು. ಆಗ ಆರಿದರೆ ಕಾಳು ಜೊಳ್ಳಾಗುತ್ತದೆ.

ಇಳುವರಿ ಕುಗ್ಗದಂತೆ ಈ ಕ್ರಮದಿಂದ ಶೇ 15ರಿಂದ 30ರಷ್ಟು ನೀರನ್ನು ಉಳಿಸಬಹುದು. ನಿಂತ ನೀರಿನಲ್ಲಿ ಹುಟ್ಟಿ ಭೂಮಿಯ ತಾಪವನ್ನು ಹೆಚ್ಚಿಸುವ ಮೀಥೇನ್ ಅನಿಲವೂ ಗಣನೀಯವಾಗಿ ಕಡಿಮೆಯಾಗುತ್ತದೆ. ಇದಕ್ಕೂ ಮಿತಿಗಳಿವೆ. ಗದ್ದೆ ಸಮತಟ್ಟಾಗಿರಬೇಕು, ಬೇಕೆಂದಾಗ ನೀರು ಸಿಗುವ ಭರವಸೆಯಿರಬೇಕು. ನಾಲೆಯ ನೀರು ಎಂದು ಬಂದೀತೋ ಎಂಬ ಅನುಮಾನವಿರುವ ರೈತ ಬಂದ ದಿನವೇ ಗದ್ದೆ ತುಂಬಿಸಿಕೊಳ್ಳುವುದು ಸಹಜ. ಆದುದರಿಂದ ಒಂದು ತೂಬಿನ ಕೆಳಗಿನ ರೈತರೆಲ್ಲರೂ ಕೂಡಿ ಸರದಿಯನ್ನು ಗೊತ್ತುಮಾಡಿಕೊಂಡಾಗಲೇ ಕೊಳವೆಯ ಪೂರ್ಣ ಫಲ ದೊರೆಯುತ್ತದೆ. ಮೇಲಿನವನು ಉಳಿಸಿದ ನೀರು ಕೊನೆಯಂಚಿನವನನ್ನು ತಲುಪಿದರೆ, ಅದು ನೀರಿನ ದಾಸೋಹವೇ ಸರಿ.

ಮೂರು ಪ್ರಶ್ನೆಗಳು

ಸರಳ ತಂತ್ರಜ್ಞಾನವನ್ನು ಮೆಚ್ಚುವುದೆಂದರೆ ಆಸ್ಪತ್ರೆಯ ಯಂತ್ರವನ್ನೋ ಮೊಬೈಲನ್ನೋ ಹಳಿಯುವುದಲ್ಲ. ಹೊಸದಾವುದೇ ಸಾಧನ ಮನೆಗೆ, ಊರಿಗೆ ಬರುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಕೆಟ್ಟರೆ ಇದನ್ನು ಸರಿಪಡಿಸಬಲ್ಲವರು ಹತ್ತಿರದಲ್ಲಿ ಇದ್ದಾರೆಯೇ? ವಿದ್ಯುತ್ತಾಗಲಿ ಎಣ್ಣೆಯಾಗಲಿ ಇಲ್ಲದ ದಿನ ನಮ್ಮ ಬದುಕು ನಡೆದೀತೇ? ಇದರ ಲಾಭ ನಮ್ಮ ಕೆಳಗಿನ ಗದ್ದೆಯವರಿಗೂ ತಲುಪೀತೇ?

ಭಕ್ತಬಂಧುಗಳು ತಮ್ಮ ಊರುಗಳಲ್ಲಿ ಕೈಗೊಳ್ಳಬಹುದಾದ ಕೆಲಸಗಳು ಸಣ್ಣವೇ. ಬರುವ ಬೆಳೆಗೆ ಒಂದು ಗದ್ದೆಯಲ್ಲಿ ಕೊಳವೆಯನ್ನು ನೆಟ್ಟು, ನೆರೆಯವರನ್ನು ಕರೆದು ತೋರಿಸಿರಿ. ನಾಲ್ಕೈದು ರಾಸುಗಳಿರುವ ಮನೆಯವರು ದಿನಕ್ಕೆ ಸುಮಾರು 50 ಕಿಲೋ ಸಗಣಿಯಿಂದ ನಡೆಯುವ 2 ಘನ ಮೀಟರಿನ ಗೋಬರ್ ಗ್ಯಾಸ್ ಘಟಕದ ಬಗ್ಗೆ ವಿಚಾರಿಸಿರಿ. ಸಣ್ಣ ಸಂಸಾರದ ಅಡುಗೆಗೆ ಅದು ಸಾಕಾಗುತ್ತದೆ, ಬಗ್ಗಡ ಹೊಲಕ್ಕಾಗುತ್ತದೆ. ಊರಿನ ಕೆರೆಯ ಕೋಡಿ, ತೂಬುಗಳನ್ನು ಮಳೆಗಾಲಕ್ಕೆ ಮುನ್ನ ಹತ್ತು ಜನ ಕೂಡಿ ನೋಡಿ ಬನ್ನಿರಿ, ಜೊತೆಗೆ ಮಕ್ಕಳನ್ನೂ ಕರೆದೊಯ್ಯಿರಿ. ಮುಂದೆ ಆ ಕೆರೆಯನ್ನು ಕಾಯಬೇಕಾದವರು ಅವರೇ.